ಕರಗುವುದು ಮಂಜುಗಡ್ಡೆ, ಕಣ ಅಲ್ಲ: ಕೆಮಿಸ್ಟ್ರಿ ಮೇಷ್ಟ್ರ ಜೊತೆ ಪ್ರಶ್ನೋತ್ತರ

ಈ ವಾರ ಗುಂಪಿನಲ್ಲಿ ಉತ್ತರ ಕೊಡುತ್ತಿರುವವರು ಪಿಯು ಕಾಲೇಜಿನ ಕೆಮಿಸ್ಟ್ರಿ ಲೆಕ್ಚರರ್. ವಿಷಯ: ಘನ, ದ್ರವ, ಅನಿಲ, ಅವುಗಳೊಳಗಿನ ಕಣಗಳು. ಅಡುಗೆಮನೆ ಪ್ರಶ್ನೆಗಳನ್ನೂ ಧಾರಾಳವಾಗಿ ಕೇಳಬಹುದು.

ಪ್ರಶ್ನೆ (ತಾಯಿ, ದಾವಣಗೆರೆ): ಸಾರ್ ನಮಸ್ಕಾರ. ಮಗ ಒಂಬತ್ತನೇ ಕ್ಲಾಸು. ಟೆಸ್ಟಿನಲ್ಲಿ "ಮಂಜುಗಡ್ಡೆಯನ್ನು ಕಾಯಿಸಿದರೆ ಅದರ ಕಣಗಳು ಹಿಗ್ಗಿ, ಕರಗಿ ನೀರಾಗುತ್ತವೆ" ಅಂತ ಬರೆದಿದ್ದ. ಟೀಚರ್ ಸೊನ್ನೆ ಹಾಕಿದ್ದಾರೆ. ನನಗೆ ಉತ್ತರ ಸರಿಯಾಗೇ ಕಂಡಿತು. ಬಿಸಿಗೆ ವಸ್ತು ಹಿಗ್ಗುತ್ತದೆ ಅಲ್ವಾ? ಕಣ ಹಿಗ್ಗದೆ ವಸ್ತು ಹೇಗೆ ಹಿಗ್ಗುತ್ತದೆ?

ಉತ್ತರ: ನಮಸ್ಕಾರ ಮೇಡಂ. ಟೀಚರ್ ಹೇಳಿದ್ದು ಸರಿ. ಅರ್ಧ ಮಾರ್ಕಾದರೂ ಕೊಡಬಹುದಿತ್ತು, ಅದು ಬೇರೆ ಮಾತು. ಪಿಯುಗೆ ಬರುವ ಮಕ್ಕಳಲ್ಲೂ ಅರ್ಧಕ್ಕರ್ಧ ಜನ ಹೀಗೇ ಬರೆಯುತ್ತಾರೆ.

ನೀರಿನ ಕಣ ಅಂದರೆ ಅದರ ಅಣು. ಒಂದು ಅಣು ಅಂದರೆ ಒಂದು ಆಮ್ಲಜನಕ, ಎರಡು ಜಲಜನಕ. ಮಂಜುಗಡ್ಡೆಯಲ್ಲೂ ಅದೇ ಅಣು, ಲೋಟದ ನೀರಿನಲ್ಲೂ ಅದೇ, ಇಡ್ಲಿ ಪಾತ್ರೆಯ ಹಬೆಯಲ್ಲೂ ಅದೇ. ಅದು ದಪ್ಪ ಆಗುವುದಿಲ್ಲ, ಮೆತ್ತಗೆ ಆಗುವುದಿಲ್ಲ, ಒದ್ದೆಯೂ ಆಗುವುದಿಲ್ಲ. ಒಂಟಿ ಅಣುವಿಗೆ ಒದ್ದೆತನ ಅನ್ನುವ ಗುಣವೇ ಇಲ್ಲ. ಕೋಟಿಗಟ್ಟಲೆ ಅಣುಗಳು ಒಟ್ಟಿಗೆ ಸೇರಿದಾಗ ಬರುವ ಗುಣ ಅದು. ಒಂದು ಹನಿ ನೀರಿನಲ್ಲಿರುವ ಅಣುಗಳ ಲೆಕ್ಕ ಬರೆಯಬೇಕಾದರೆ 1 ಹಾಕಿ ಅದರ ಮುಂದೆ 21 ಸೊನ್ನೆ ಹಾಕಬೇಕು.

ಹಾಗಾದರೆ ಬದಲಾಗುವುದು ಏನು? ಎರಡೇ. ಕಣ ಎಷ್ಟು ಜೋರಾಗಿ ಅಲುಗಾಡುತ್ತದೆ, ಪಕ್ಕದ ಕಣದಿಂದ ಎಷ್ಟು ಬಿಡಿಸಿಕೊಂಡಿದೆ. ಮಂಜುಗಡ್ಡೆಯಲ್ಲಿ ಪ್ರತಿ ಅಣುವೂ ತನ್ನ ಜಾಗದಲ್ಲೇ ನಡುಗುತ್ತಿರುತ್ತದೆ. ಕಾಯಿಸಿದಂತೆ ನಡುಕ ಜಾಸ್ತಿಯಾಗಿ, ಒಂದು ಹಂತದಲ್ಲಿ ಜಾಗ ಬಿಟ್ಟು ಕದಲುತ್ತದೆ. ಅದೇ ಕರಗುವುದು. ಕಬ್ಬಿಣದ ಸರಳು ಬಿಸಿಲಿಗೆ ಹಿಗ್ಗುವುದೂ ಹೀಗೇ. ಕಣ ಅಷ್ಟೇ ಇರುತ್ತದೆ. ಜೋರಾಗಿ ಅಲುಗಾಡುವುದರಿಂದ ಒಂದಕ್ಕೊಂದು ಸ್ವಲ್ಪ ದೂರ ಸರಿಯುತ್ತವೆ, ಅಷ್ಟೇ.

ಈಗ ಪುಸ್ತಕದ ಚಿತ್ರದ ಬಗ್ಗೆ ನನ್ನದೊಂದು ತಕರಾರು. ಘನದಲ್ಲಿ ಚುಕ್ಕಿಗಳು ಒತ್ತೊತ್ತಾಗಿ, ದ್ರವದಲ್ಲಿ ಸ್ವಲ್ಪ ದೂರ, ಅನಿಲದಲ್ಲಿ ಇನ್ನೂ ದೂರ ಅಂತ ಮೂರು ಡಬ್ಬಿ ಬರೆದಿರುತ್ತಾರೆ. ಮಕ್ಕಳು ಅದನ್ನು ಮೂರು ಸಮ ಮೆಟ್ಟಿಲು ಅಂದುಕೊಳ್ಳುತ್ತಾರೆ. ನಿಜ ಹಾಗಿಲ್ಲ. ದ್ರವದಲ್ಲೂ ಕಣಗಳು ಒಂದಕ್ಕೊಂದು ತಾಗಿಕೊಂಡೇ ಇರುತ್ತವೆ. ಘನಕ್ಕೂ ದ್ರವಕ್ಕೂ ಇರುವ ವ್ಯತ್ಯಾಸ ದೂರದ್ದಲ್ಲ, ಓಡಾಟದ್ದು. ನೀರಿನ ವಿಷಯದಲ್ಲಂತೂ ಲೆಕ್ಕ ಉಲ್ಟಾ: ಮಂಜುಗಡ್ಡೆಯಾದಾಗಲೇ ಅಣುಗಳು ದೂರ ದೂರ ಕೂರುತ್ತವೆ, ಗಾತ್ರ ನೂರಕ್ಕೆ 9ರಷ್ಟು ಹೆಚ್ಚುತ್ತದೆ. ಅದಕ್ಕೇ ಅದು ತೇಲುತ್ತದೆ, ಅದಕ್ಕೇ ಫ್ರೀಜರ್‌ನಲ್ಲಿ ಮರೆತ ಗಾಜಿನ ಬಾಟಲಿ ಒಡೆಯುತ್ತದೆ. ನಿಜವಾದ ದೊಡ್ಡ ಹಾರಾಟ ದ್ರವದಿಂದ ಅನಿಲಕ್ಕೆ. 1 ಮಿಲಿ ನೀರು 100 ಡಿಗ್ರಿಯಲ್ಲಿ ಆವಿಯಾದರೆ ಸುಮಾರು 1,700 ಮಿಲಿ ಜಾಗ ಹಿಡಿಯುತ್ತದೆ.

ಆ ಕಣಗಳ ಮಧ್ಯೆ ಏನಿರುತ್ತದೆ ಅಂತ ಮಗನನ್ನು ಕೇಳಿ ನೋಡಿ. "ಗಾಳಿ" ಅನ್ನುತ್ತಾನೆ. ಗಾಳಿಯೂ ಕಣಗಳೇ ಅಲ್ವಾ! ಮಧ್ಯೆ ಏನೂ ಇಲ್ಲ, ಖಾಲಿ.

ಅದೇ ತಾಯಿ: ಅರ್ಥವಾಯಿತು ಸಾರ್. ಇನ್ನೊಂದು. ನೀರು ಕುದಿಯಲು ಶುರುವಾದ ಮೇಲೆ ಉರಿ ಎಷ್ಟು ಜಾಸ್ತಿ ಮಾಡಿದರೂ 100 ಡಿಗ್ರಿ ದಾಟುವುದಿಲ್ಲ ಅಂತ ಪುಸ್ತಕದಲ್ಲಿದೆ. ಗ್ಯಾಸ್ ಉರಿಯುತ್ತಲೇ ಇದೆ. ಆ ಬಿಸಿಯೆಲ್ಲ ಎಲ್ಲಿಗೆ ಹೋಯಿತು?

ಉತ್ತರ: ಕಣಗಳನ್ನು ಬಿಡಿಸುವುದಕ್ಕೆ ಖರ್ಚಾಯಿತು. ಅಣುಗಳು ಒಂದನ್ನೊಂದು ಎಳೆದು ಹಿಡಿದಿರುತ್ತವೆ. ಆ ಹಿಡಿತ ಬಿಡಿಸಿ ಹೊರಗೆ ಕಳಿಸಲು ಶಕ್ತಿ ಬೇಕು. ಹಾಗೆ ಖರ್ಚಾದ ಶಕ್ತಿ ಅಣುವಿನ ವೇಗ ಹೆಚ್ಚಿಸುವುದಿಲ್ಲ. ವೇಗ ಹೆಚ್ಚದಿದ್ದರೆ ಥರ್ಮಾಮೀಟರ್ ಏರುವುದಿಲ್ಲ.

ಲೆಕ್ಕ ನೋಡಿ. 1 ಗ್ರಾಂ ನೀರನ್ನು 0ಯಿಂದ 100 ಡಿಗ್ರಿಗೆ ತರಲು ಸುಮಾರು 418 ಜೂಲ್ (ಜೂಲ್ ಅಂದರೆ ಶಕ್ತಿಯ ಅಳತೆ) ಸಾಕು. ಅದೇ 1 ಗ್ರಾಂ ನೀರನ್ನು 100 ಡಿಗ್ರಿಯಲ್ಲೇ ಇಟ್ಟು ಪೂರ್ತಿ ಆವಿ ಮಾಡಲು ಸುಮಾರು 2,260 ಜೂಲ್ ಬೇಕು. ಐದು ಪಟ್ಟಿಗಿಂತ ಜಾಸ್ತಿ! ಹಬೆ ತಗುಲಿದರೆ ಕುದಿನೀರಿಗಿಂತ ಕೆಟ್ಟದಾಗಿ ಸುಡುವುದು ಈ ಕಾರಣಕ್ಕೇ. ಚರ್ಮದ ಮೇಲೆ ಆವಿ ನೀರಾಗುವಾಗ ಆ 2,260 ಜೂಲ್ ಅಷ್ಟೂ ವಾಪಸ್ ಕೊಡುತ್ತದೆ.

ಹಾಗಾಗಿ ತೆರೆದ ಪಾತ್ರೆಯಲ್ಲಿ ಬೇಳೆ ಕುದಿ ಬಂದ ಮೇಲೆ ಉರಿ ಸಣ್ಣ ಮಾಡಿ. ದೊಡ್ಡ ಉರಿಗೆ ನೀರು ಬೇಗ ಇಂಗುತ್ತದೆ, ಬೇಳೆ ಬೇಗ ಬೇಯುವುದಿಲ್ಲ. ಬೇಗ ಬೇಯಬೇಕಾದರೆ ಕುಕ್ಕರ್. ಅದರಲ್ಲಿ ಒತ್ತಡ ಹೆಚ್ಚಿ, ಅಣುಗಳಿಗೆ ಹೊರಬರುವುದು ಕಷ್ಟವಾಗಿ, ನೀರು ಸುಮಾರು 120 ಡಿಗ್ರಿಯಲ್ಲಿ ಕುದಿಯುತ್ತದೆ. ಎತ್ತರದ ಊರುಗಳಲ್ಲಿ ಗಾಳಿಯ ಒತ್ತಡ ಕಮ್ಮಿ, ಹಾಗಾಗಿ ಇದರ ಉಲ್ಟಾ. ಬೆಂಗಳೂರಿನಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ, ಮಡಿಕೇರಿಯಲ್ಲಿ 96ರ ಹತ್ತಿರ. ಪುಸ್ತಕದ 100 ಡಿಗ್ರಿ ಬೇಕಿದ್ದರೆ ಮಂಗಳೂರಿಗೋ ಕಾರವಾರಕ್ಕೋ ಹೋಗಬೇಕು.

ಪ್ರಶ್ನೆ (ಸಣ್ಣ ಹೋಟೆಲ್ ನಡೆಸುವವರು, ಹಾಸನ): ಮೇಷ್ಟ್ರೇ, ನಮ್ಮಲ್ಲಿ 19 ಕೆಜಿ ಸಿಲಿಂಡರ್. ಬೆಳಿಗ್ಗೆ ಎರಡು ದೊಡ್ಡ ಒಲೆ ಒಟ್ಟಿಗೆ ಹಚ್ಚಿದರೆ ಸಿಲಿಂಡರಿನ ಕೆಳಗಡೆ ಬೆವರುತ್ತದೆ. ಚಳಿಗಾಲದಲ್ಲಿ ಬಿಳೀ ಹಿಮ ಕಟ್ಟಿದ್ದೂ ಉಂಟು. ಒಳಗೆ ಗ್ಯಾಸ್ ಇದ್ದರೂ ಉರಿ ಇಳಿದುಹೋಗುತ್ತದೆ. ಹುಡುಗರು ಬಿಸಿನೀರು ಸುರಿಯುತ್ತಾರೆ. ಲೀಕ್ ಏನಾದರೂ ಇದೆಯಾ?

ಉತ್ತರ: ಮೊದಲು ಮುಖ್ಯವಾದ ಮಾತು: ಬಿಸಿನೀರು ಸುರಿಯುವುದನ್ನು ಇವತ್ತೇ ನಿಲ್ಲಿಸಿ. ಸಿಲಿಂಡರಿಗೆ ಯಾವ ರೀತಿಯ ಬಿಸಿಯನ್ನೂ ಕೊಡಬಾರದು. ಬಿಸಿಯಾದರೆ ಒಳಗಿನ ಒತ್ತಡ ಏರುತ್ತದೆ, ದ್ರವವೂ ಹಿಗ್ಗುತ್ತದೆ. ಹಿಗ್ಗಲಿ ಅಂತಲೇ ತುಂಬುವಾಗ ಮೇಲೆ ಜಾಗ ಬಿಟ್ಟಿರುತ್ತಾರೆ.

ಬೆವರು ಲೀಕಿನ ಲಕ್ಷಣ ಅಲ್ಲ. ಒಳಗಿರುವುದು ಬಹುಪಾಲು ದ್ರವ. ಪ್ರೊಪೇನ್, ಬ್ಯುಟೇನ್ ಅನ್ನುವ ಎರಡು ಅನಿಲಗಳನ್ನು ಒತ್ತಿ ದ್ರವ ಮಾಡಿ ತುಂಬಿರುತ್ತಾರೆ. ನೀವು ನಾಬ್ ತಿರುಗಿಸಿದಾಗ ಮೇಲಿನ ಅನಿಲ ಹೊರಗೆ ಹೋಗುತ್ತದೆ, ಆ ಜಾಗ ತುಂಬಲು ದ್ರವದಿಂದ ಹೊಸ ಕಣಗಳು ಏಳುತ್ತವೆ. ಎದ್ದು ಹೋಗುವವು ಯಾವುವು? ಜೋರಾಗಿ ಓಡುತ್ತಿರುವವು. ಉಳಿದವು ನಿಧಾನದವು. ಕಣಗಳ ಸರಾಸರಿ ವೇಗ ಇಳಿಯಿತು ಅಂದರೆ ದ್ರವ ತಣ್ಣಗಾಯಿತು ಅಂತಲೇ ಅರ್ಥ. ಅದು ಸಿಲಿಂಡರಿನ ಕಬ್ಬಿಣದಿಂದ ಬಿಸಿ ಎಳೆದುಕೊಳ್ಳುತ್ತದೆ, ಕಬ್ಬಿಣ ಸುತ್ತಲಿನ ಗಾಳಿಯಿಂದ. ಆ ಗಾಳಿಯಲ್ಲಿರುವ ನೀರಿನ ಆವಿ ತಣ್ಣನೆ ಲೋಹಕ್ಕೆ ತಾಗಿ ಹನಿಗಟ್ಟುತ್ತದೆ. ಇನ್ನೂ ತಣ್ಣಗಾದರೆ ಹಿಮ.

ಉರಿ ಇಳಿಯುವುದೂ ಇದರಿಂದಲೇ. ಪ್ರೊಪೇನ್ ಮೈನಸ್ 42 ಡಿಗ್ರಿಯಲ್ಲೇ ಕುದಿಯುತ್ತದೆ, ಬ್ಯುಟೇನ್ ಮಾತ್ರ 0 ಡಿಗ್ರಿಯ ಆಸುಪಾಸಿನಲ್ಲಿ. ದ್ರವ ತಣ್ಣಗಾದಷ್ಟೂ ಬ್ಯುಟೇನ್ ಮೇಲೇಳಲು ಒಲ್ಲೆ ಅನ್ನುತ್ತದೆ. ಒಂದೇ ಸಿಲಿಂಡರಿನಿಂದ ಜಾಸ್ತಿ ಎಳೆಯುತ್ತಿದ್ದೀರಿ ಅಂತ ಅರ್ಥ. ಎರಡು ಸಿಲಿಂಡರ್ ಒಟ್ಟಿಗೆ ಜೋಡಿಸುವ ವ್ಯವಸ್ಥೆ ಇದೆ. ಗ್ಯಾಸ್ ಏಜೆನ್ಸಿಯವರ ಕೈಯಲ್ಲೇ ಮಾಡಿಸಿ, ನೀವೇ ಪೈಪ್ ಸಿಕ್ಕಿಸಬೇಡಿ.

ಎಷ್ಟು ಗ್ಯಾಸ್ ಉಳಿದಿದೆ ನೋಡಲು ಒದ್ದೆ ಬಟ್ಟೆಯಿಂದ ಸಿಲಿಂಡರ್ ಒರೆಸಿ ಎರಡು ನಿಮಿಷ ಕಾಯಿರಿ. ದ್ರವ ಇರುವ ಕೆಳಭಾಗ ನಿಧಾನವಾಗಿ ಒಣಗುತ್ತದೆ, ಮೇಲಿನದು ಬೇಗ. ನಡುವೆ ಗೆರೆ ಕಾಣುತ್ತದೆ.

ಹಾಸನದವರೇ: ತುಂಬ ಉಪಕಾರವಾಯಿತು. ನಿಜವಾಗಿ ಲೀಕ್ ಆದರೆ ವಾಸನೆ ಮೂಲೆಮೂಲೆಗೂ ತಕ್ಷಣ ಬರುತ್ತದೆಯಾ?

ಉತ್ತರ: ತಕ್ಷಣ ಬರುತ್ತದೆ ಅಂತ ನಂಬಬೇಡಿ. ಗ್ಯಾಸಿಗೆ ತನ್ನದೇ ವಾಸನೆ ಇಲ್ಲ. ಗೊತ್ತಾಗಲಿ ಅಂತ ಈಥೈಲ್ ಮರ್‌ಕ್ಯಾಪ್ಟನ್ ಎಂಬ ಕೆಟ್ಟ ವಾಸನೆಯ ರಾಸಾಯನಿಕವನ್ನು ಚೂರು ಸೇರಿಸಿರುತ್ತಾರೆ. ಗಾಳಿಯ ಅಣುಗಳು ಸೆಕೆಂಡಿಗೆ ಸುಮಾರು 500 ಮೀಟರ್ ವೇಗದಲ್ಲಿ ಓಡುತ್ತವೆ. ಆದರೆ ಒಂದೊಂದು ಅಣುವೂ ಸೆಕೆಂಡಿಗೆ ನೂರಾರು ಕೋಟಿ ಸಲ ಬೇರೆ ಅಣುಗಳಿಗೆ ಡಿಕ್ಕಿ ಹೊಡೆದು ದಿಕ್ಕು ಬದಲಿಸುತ್ತದೆ. ಹಾಗಾಗಿ ಎಷ್ಟು ಓಡಿದರೂ ಮುಂದೆ ಸಾಗುವುದು ಬಹಳ ನಿಧಾನ. ಒಗ್ಗರಣೆ ಘಮ ಹಾಲ್‌ಗೆ ಬರುವುದಕ್ಕೆ ಪುಸ್ತಕದಲ್ಲಿ ವಿಸರಣೆ, ಅಂದರೆ ಅಣುಗಳು ತಾವಾಗಿಯೇ ಹರಡಿಕೊಳ್ಳುವುದು, ಅಂತ ಬರೆಯುತ್ತಾರೆ. ನಿಜ ಹೇಳಬೇಕೆಂದರೆ ಮುಕ್ಕಾಲು ಕೆಲಸ ಮಾಡುವುದು ಮನೆಯೊಳಗಿನ ಗಾಳಿಯ ಓಡಾಟ.

ಜೊತೆಗೆ ಪ್ರೊಪೇನ್ ಅಣುವಿನ ತೂಕ 44, ಬ್ಯುಟೇನಿನದು 58, ಗಾಳಿಯ ಸರಾಸರಿ 29. ಅಂದರೆ ಗ್ಯಾಸ್ ನೆಲದಲ್ಲೇ ಹರಡಿ ನಿಲ್ಲುತ್ತದೆ, ಎತ್ತರದಲ್ಲಿರುವ ಮೂಗಿಗೆ ತಡವಾಗಿ ಗೊತ್ತಾಗುತ್ತದೆ. ವಾಸನೆ ಬಂದರೆ ರೆಗ್ಯುಲೇಟರ್ ಆಫ್ ಮಾಡಿ, ಬಾಗಿಲು ಕಿಟಕಿ ತೆರೆಯಿರಿ, ಯಾವ ಸ್ವಿಚ್ಚನ್ನೂ ಮುಟ್ಟಬೇಡಿ. ಹೊರಗೆ ಬಂದು ಗ್ಯಾಸ್ ಲೀಕಿನ ತುರ್ತು ಸಂಖ್ಯೆ 1906ಕ್ಕೆ ಫೋನ್ ಮಾಡಿ.

ಪ್ರಶ್ನೆ (ಗೃಹಿಣಿ, ಶಿರಸಿ): ಸರ್, ದೇವರ ಮನೆಯ ಡಬ್ಬಿಯಲ್ಲಿಟ್ಟ ಕರ್ಪೂರ ಸುಮ್ನೆ ಇಟ್ಟಲ್ಲೇ ಸಣ್ಣಗಾಗುತ್ತದೆ. ಹಚ್ಚಿದರೂ ಇಲ್ಲವಾಗುತ್ತದೆ. ಎರಡೂ ಒಂದೇನಾ? ಅತ್ತೆಯವರು ಡಬ್ಬಿಗೆ ಕಾಳುಮೆಣಸು ಹಾಕಿಡುತ್ತಾರೆ. ಅದರಿಂದ ಪ್ರಯೋಜನ ಇದೆಯಾ?

ಉತ್ತರ: ಎರಡೂ ಬೇರೆ ಬೇರೆ. ಇಟ್ಟಲ್ಲೇ ಸವೆಯುವಾಗ ಕರ್ಪೂರದ ಅಣುಗಳು ಒಂದೊಂದಾಗಿ ಮೇಲ್ಮೈ ಬಿಟ್ಟು ಗಾಳಿಗೆ ಸೇರುತ್ತವೆ. ದ್ರವ ಆಗುವ ಗೋಜಿಗೇ ಹೋಗುವುದಿಲ್ಲ. ನಿಮ್ಮ ಮೂಗಿಗೆ ಬರುವ ಪರಿಮಳ ಆ ಅಣುಗಳೇ. ಅವನ್ನು ತಣ್ಣನೆಯ ತಟ್ಟೆಗೆ ಹಿಡಿದರೆ ಮತ್ತೆ ಬಿಳೀ ಕರ್ಪೂರವೇ ಆಗುತ್ತದೆ.

ಹಚ್ಚಿದಾಗ ಅಣುವೇ ಒಡೆಯುತ್ತದೆ. ಅದರಲ್ಲಿದ್ದ ಇಂಗಾಲ, ಜಲಜನಕ ಎಲ್ಲ ಗಾಳಿಯ ಆಮ್ಲಜನಕದ ಜೊತೆ ಹೊಸ ಜೋಡಿ ಕಟ್ಟಿಕೊಂಡು ಇಂಗಾಲದ ಡೈಆಕ್ಸೈಡ್, ನೀರಿನ ಆವಿ ಆಗುತ್ತವೆ. ಪೂರ್ತಿ ಉರಿಯದೆ ಉಳಿದ ಇಂಗಾಲ ಮಸಿಯಾಗಿ ಆರತಿ ತಟ್ಟೆಗೆ ಹತ್ತುತ್ತದೆ. ಎಷ್ಟು ತಣ್ಣಗೆ ಮಾಡಿದರೂ ಆ ಮಸಿಯಿಂದ ಕರ್ಪೂರ ವಾಪಸ್ ಬರುವುದಿಲ್ಲ. ಭೌತಿಕ ಬದಲಾವಣೆ, ರಾಸಾಯನಿಕ ಬದಲಾವಣೆ ಅಂತ ಪರೀಕ್ಷೆಗೆ ಕಂಠಪಾಠ ಮಾಡಿಸುತ್ತಾರಲ್ಲ, ಅಷ್ಟೇ ವಿಷಯ. ಅಣು ಹಾಗೇ ಉಳಿಯಿತಾ, ಒಡೆದು ಬೇರೆಯಾಯಿತಾ ಅಂತ ಕೇಳಿಕೊಂಡರೆ ಸಾಕು.

ಮೆಣಸಿನ ವಿಷಯ: ಅದು ಕರ್ಪೂರವನ್ನು ಉಳಿಸುವುದಕ್ಕೆ ನನಗೆ ಯಾವ ಕಾರಣವೂ ಕಾಣುವುದಿಲ್ಲ. ಕೆಲಸ ಮಾಡುವುದು ಬಿಗಿಯಾದ ಮುಚ್ಚಳ. ಮುಚ್ಚಿದ ಡಬ್ಬಿಯಲ್ಲಿ ಕರ್ಪೂರದ ಅಣುಗಳು ತುಂಬಿಕೊಂಡ ಮೇಲೆ, ಎಷ್ಟು ಅಣು ಏಳುತ್ತದೋ ಅಷ್ಟೇ ವಾಪಸ್ ಬಂದು ಕೂರುತ್ತದೆ. ತುಂಬಿದ ಸಣ್ಣ ಡಬ್ಬಿ ಒಳ್ಳೆಯದು. ಅತ್ತೆಯವರಿಗೆ ಬೇಜಾರಾಗುವುದಾದರೆ ಮೆಣಸು ಇರಲಿ ಬಿಡಿ, ಅದರಿಂದ ನಷ್ಟವೇನಿಲ್ಲ.

ಪ್ರಶ್ನೆ (ಕಬ್ಬು ಬೆಳೆಗಾರ, ಮಂಡ್ಯ ಕಡೆ): ಹಾಗಾದ್ರೆ ಆಲೆಮನೇಲಿ ಬೆಲ್ಲ ಆಗೋದು ಯಾವ ಲೆಕ್ಕಕ್ಕೆ ಬರುತ್ತೆ ಸಾರ್? ನೀರು ಇಂಗಿಸೋದು ಅಷ್ಟೇ ತಾನೇ? ಪಾಕ ಬರೋ ಹೊತ್ತಿಗೆ ಯಾಕೆ ಅಷ್ಟು ಬಿಸಿ ಏರುತ್ತೆ?

ಉತ್ತರ: ಒಳ್ಳೇ ಪ್ರಶ್ನೆ. ಎರಡೂ ಲೆಕ್ಕಕ್ಕೆ ಬರುತ್ತದೆ.

ಕೊಪ್ಪರಿಗೆಗೆ ರಸ ಬಿಟ್ಟಾಗ ಅದರಲ್ಲಿ ಬಹುಪಾಲು ನೀರು, ನಡುವೆ ಅಲ್ಲಲ್ಲಿ ಸಕ್ಕರೆ ಅಣು. ಆಗ ಅದು 100 ಡಿಗ್ರಿಯ ಆಚೀಚೆ ಕುದಿಯುತ್ತದೆ. ಸುಣ್ಣ ಹಾಕಿ, ಬೆಂಡೆ ಗಿಡದ ಲೋಳೆ ಬಿಟ್ಟು, ಮೇಲೆ ಬಂದ ಕೊಳೆ ನೊರೆ ತೆಗೆಯುತ್ತೀರಿ. ನೀರು ಹೋದಂತೆಲ್ಲ ಸಕ್ಕರೆ ಅಣುಗಳ ಸಂದಣಿ ಹೆಚ್ಚುತ್ತದೆ. ಸಕ್ಕರೆ ಅಣು ನೀರಿನ ಅಣುವಿಗಿಂತ ದೊಡ್ಡದು, ತೂಕದಲ್ಲಿ 19 ಪಟ್ಟು. ಅದು ನೀರನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಉಳಿದ ನೀರಿಗೆ ತಪ್ಪಿಸಿಕೊಂಡು ಹೋಗಲು ಇನ್ನಷ್ಟು ಬಿಸಿ ಬೇಕು. ಹಾಗಾಗಿ ಕುದಿಯುವ ಮಟ್ಟವೇ ಏರುತ್ತಾ ಹೋಗಿ, ಪಾಕ ಬರುವ ಹೊತ್ತಿಗೆ ಸುಮಾರು 118 ಡಿಗ್ರಿ ಮುಟ್ಟುತ್ತದೆ. ಪಾಕ ನೋಡುವವರು ತಣ್ಣೀರಿಗೆ ಒಂದು ಚೂರು ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಾರಲ್ಲ, ಅವರು ಅಳೆಯುತ್ತಿರುವುದು ಉಳಿದ ನೀರಿನ ಪ್ರಮಾಣವನ್ನೇ. ಥರ್ಮಾಮೀಟರ್ ಹಿಡಿದವರಿಗಿಂತ ಅವರ ಬೆರಳನ್ನೇ ನಾನು ನಂಬುತ್ತೇನೆ.

ಇಷ್ಟು ಭೌತಿಕ. ಆದರೆ ಬಣ್ಣ ಎಲ್ಲಿಂದ ಬಂತು? ಬರೀ ನೀರು ಇಂಗಿದ್ದರೆ ಬೆಲ್ಲ ಸಕ್ಕರೆ ಥರ ಬೆಳ್ಳಗಿರಬೇಕಿತ್ತು. ಅಷ್ಟು ಬಿಸಿಯಲ್ಲಿ ಸಕ್ಕರೆಯ ಒಂದು ಪಾಲು ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆಯುತ್ತದೆ. ಅವು ರಸದಲ್ಲಿರುವ ಅಮೈನೋ ಆಮ್ಲಗಳ (ಪ್ರೋಟೀನಿನ ಬಿಡಿಭಾಗಗಳ) ಜೊತೆ ಸೇರಿ ಕಂದು ಬಣ್ಣದ, ಘಮದ ಹೊಸ ಅಣುಗಳಾಗುತ್ತವೆ. ಅದು ರಾಸಾಯನಿಕ. ಮಳೆಗಾಲದಲ್ಲಿ ಅಚ್ಚು ಬೆಲ್ಲ ಬೆವರುವುದಕ್ಕೂ ಈ ಒಡೆದ ಸಕ್ಕರೆಯೇ ಮುಖ್ಯ ಕಾರಣ. ಅದು ಗಾಳಿಯ ತೇವವನ್ನು ಬೇಗ ಎಳೆದುಕೊಳ್ಳುತ್ತದೆ. ಹುಳಿ ಬಂದ ಕಬ್ಬಿನ ರಸ, ಕಡಿದು ಎರಡು ಮೂರು ದಿನ ಬಿಟ್ಟ ಕಬ್ಬು ಇದ್ದರೆ ಒಡೆದ ಸಕ್ಕರೆ ಮೊದಲೇ ಜಾಸ್ತಿ, ಆ ಬೆಲ್ಲ ಗಟ್ಟಿ ನಿಲ್ಲುವುದಿಲ್ಲ. ನಿಮಗೆ ನಾನು ಹೇಳಬೇಕಾ!

ಇದೇ ಸಕ್ಕರೆಯನ್ನು ನಿಧಾನವಾಗಿ, ದಿನಗಟ್ಟಲೆ ಬಿಟ್ಟರೆ ಅಣುಗಳಿಗೆ ಸಾಲಾಗಿ ಕೂರಲು ಪುರುಸೊತ್ತು ಸಿಗುತ್ತದೆ. ಅದು ಕಲ್ಲುಸಕ್ಕರೆ, ಮೂಲೆ ಅಂಚು ಎಲ್ಲ ನೇರ. ಪಾಕವನ್ನು ಇನ್ನೂ ಏರಿಸಿ ತಟ್ಟೆಗೆ ಸುರಿದು ಬೇಗ ತಣಿಸಿದರೆ ಸಿಕ್ಕ ಸಿಕ್ಕಲ್ಲೇ ಅಣುಗಳು ನಿಂತುಬಿಡುತ್ತವೆ. ಅದು ಚಿಕ್ಕಿಯ ಪಾಕ. ಸಾಲು ಇಲ್ಲ, ಆದರೂ ಘನ. ಮುರಿದರೆ ಗಾಜಿನ ಹಾಗೆ ಚೂರಾಗುತ್ತದೆ.

ಪ್ರತಿಕ್ರಿಯೆ (ಇಂಜಿನಿಯರಿಂಗ್ ವಿದ್ಯಾರ್ಥಿ): ಗಾಜು ಅಂದಿರಲ್ಲ ಸರ್, ಗಾಜು ನಿಜವಾಗಿ ನಿಧಾನವಾಗಿ ಹರಿಯುವ ದ್ರವ ಅಂತ ಕೇಳಿದ್ದೆ. ಹಳೇ ಕಟ್ಟಡಗಳ ಕಿಟಕಿ ಗಾಜು ಕೆಳಗೆ ದಪ್ಪ ಇರುತ್ತಂತೆ?

ಉತ್ತರ: ಇಲ್ಲಪ್ಪ. ಗಾಜು ಘನವೇ. ಹಿಂದೆ ಗಾಜಿನ ಹಾಳೆ ಮಾಡುತ್ತಿದ್ದ ವಿಧಾನದಲ್ಲಿ ದಪ್ಪ ಒಂದೇ ಸಮ ಬರುತ್ತಿರಲಿಲ್ಲ. ದಪ್ಪ ಅಂಚು ಮೇಲಿರುವ ಕಿಟಕಿಗಳೂ ಇವೆ, ಅದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಪ್ರಶ್ನೆ (ಚಿಕ್ಕಮಗಳೂರು): ಡಿಸೆಂಬರ್‌ನಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾಗುತ್ತದೆ. ಫ್ರಿಜ್‌ನಲ್ಲಿಟ್ಟು ಗಟ್ಟಿಯಾದರೆ ಶುದ್ಧ ಅಂತ ಹೇಳುತ್ತಾರೆ. ನಿಜಾನಾ? ತುಪ್ಪ ಮಾತ್ರ ಯಾಕೆ ಅರ್ಧ ಗಟ್ಟಿ, ಅರ್ಧ ನೀರಾಗಿ ನಿಲ್ಲುತ್ತದೆ?

ಉತ್ತರ: ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೆ ಗಟ್ಟಿಯಾಗುತ್ತದೆ. ಆದರೆ ಫ್ರಿಜ್‌ನಲ್ಲಿ ಗಟ್ಟಿಯಾಗುವ ಬೇರೆ ಎಣ್ಣೆಗಳೂ ಇವೆ, ತಾಳೆ ಬೀಜದ ಎಣ್ಣೆ ಒಂದು ಉದಾಹರಣೆ. ಗಟ್ಟಿಯಾಯಿತು ಅಂದ ಮಾತ್ರಕ್ಕೆ ಶುದ್ಧ ಅಂತ ಹೇಳಲಾಗದು.

ತುಪ್ಪದಲ್ಲಿ ಒಂದೇ ಬಗೆಯ ಅಣು ಇಲ್ಲ, ಹತ್ತಾರು ಬಗೆಯ ಕೊಬ್ಬಿನ ಅಣುಗಳಿವೆ. ಉದ್ದನೆಯವು, ನೇರವಾದವು ಮೊದಲು ಸಾಲು ಕಟ್ಟಿ ಹರಳಾಗುತ್ತವೆ. ಗಿಡ್ಡದವು, ಬಾಗಿದವು ಇನ್ನೂ ಓಡಾಡುತ್ತಿರುತ್ತವೆ. ಅದಕ್ಕೇ ಕೆಳಗೆ ಮರಳುಮರಳಾಗಿ, ಮೇಲೆ ತೆಳ್ಳಗೆ. ಕಾಸಿದ ತುಪ್ಪವನ್ನು ನಿಧಾನವಾಗಿ ಆರಲು ಬಿಟ್ಟರೆ ದೊಡ್ಡ ಹರಳು ಬರುತ್ತದೆ, ನೇರ ಫ್ರಿಜ್‌ಗೆ ಇಟ್ಟರೆ ನುಣ್ಣಗೆ ಗಟ್ಟಿಯಾಗುತ್ತದೆ.

ಪ್ರಶ್ನೆ (ಸರ್ಕಾರಿ ಹೈಸ್ಕೂಲ್ ಶಿಕ್ಷಕಿ, ರಾಯಚೂರು ಜಿಲ್ಲೆ): ಸರ್, ಇವೆಲ್ಲ ಓದಲು ಚೆನ್ನಾಗಿವೆ. ನಮ್ಮ ಶಾಲೆಯಲ್ಲಿ ಲ್ಯಾಬ್ ಅಂತ ಒಂದು ಬೀರು ಮಾತ್ರ ಇದೆ. "ಕಣ ಕಾಣಲ್ಲ ಅಂದ್ಮೇಲೆ ಇದೆ ಅಂತ ಹೆಂಗ್ ನಂಬೋದು ಮಿಸ್" ಅಂತ ಮಕ್ಕಳು ಕೇಳುತ್ತಾರೆ. ಏನು ತೋರಿಸಲಿ?

ಉತ್ತರ: ಹಾಗೆ ಕೇಳುವ ಮಕ್ಕಳು ಸಿಕ್ಕಿದ್ದು ನಿಮ್ಮ ಪುಣ್ಯ ಮೇಡಂ. ದೊಡ್ಡ ದೊಡ್ಡ ವಿಜ್ಞಾನಿಗಳೇ ಇಪ್ಪತ್ತನೇ ಶತಮಾನದ ಶುರುವಿನವರೆಗೂ ಇದನ್ನೇ ಕೇಳುತ್ತಿದ್ದರು. 1827ರಲ್ಲಿ ರಾಬರ್ಟ್ ಬ್ರೌನ್ ಎಂಬ ಸಸ್ಯವಿಜ್ಞಾನಿ, ಪರಾಗದಿಂದ ಬಂದ ಸಣ್ಣ ಸಣ್ಣ ಚೂರುಗಳು ನೀರಿನಲ್ಲಿ ಸುಮ್ಮನಿರದೆ ಅತ್ತಿತ್ತ ಜಿಗಿಯುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡ. ಜೀವ ಇಲ್ಲದ ಕಲ್ಲಿನ ಪುಡಿಯೂ ಹಾಗೇ ಜಿಗಿಯಿತು. ಕಾಣದ ನೀರಿನ ಅಣುಗಳು ಎಲ್ಲ ಕಡೆಯಿಂದ ಗುದ್ದುತ್ತಿವೆ ಅಂತ 1905ರಲ್ಲಿ ಐನ್‌ಸ್ಟೈನ್ ಲೆಕ್ಕ ಹಾಕಿ ತೋರಿಸಿದ. ಫ್ರಾನ್ಸಿನ ಜಾನ್ ಪೆರಾಂ ಅದನ್ನು ಅಳೆದು ಖಚಿತಪಡಿಸಿದ, 1926ರಲ್ಲಿ ನೊಬೆಲ್ ಬಂತು. ಈ ಕಥೆ ಮೊದಲು ಹೇಳಿ.

ಆಮೇಲೆ ಮೆಡಿಕಲ್ ಶಾಪಿನಿಂದ ಸಿರಿಂಜ್ ತನ್ನಿ, ಸೂಜಿ ಬೇಡ. ಗಾಳಿ ತುಂಬಿ, ತುದಿಗೆ ಬೆರಳು ಒತ್ತಿ, ಹಿಡಿಯನ್ನು ತಳ್ಳಲು ಹೇಳಿ. ಸುಮಾರು ದೂರ ಒಳಗೆ ಹೋಗುತ್ತದೆ. ಈಗ ನೀರು ತುಂಬಿ ತಳ್ಳಲಿ. ಅಲ್ಲಾಡುವುದಿಲ್ಲ. ಅನಿಲದಲ್ಲಿ ಜಾಗ ಖಾಲಿ ಇದೆ, ದ್ರವದಲ್ಲಿ ಇಲ್ಲ ಅಂತ ಮಕ್ಕಳ ಹೆಬ್ಬೆರಳಿಗೇ ಗೊತ್ತಾಗುತ್ತದೆ.

ಇನ್ನೊಂದು ಇದೆ, ಇದನ್ನು ನೀವೇ ಮಾಡಿ ತೋರಿಸಿ. ಸುಮಾರು 70–80 ಡಿಗ್ರಿಯ ನೀರು, ಅಂದರೆ ಕುದಿ ನಿಂತು ಸ್ವಲ್ಪ ಹೊತ್ತಾದದ್ದು, ಸಿರಿಂಜಿನ ಕಾಲುಭಾಗ ಎಳೆದುಕೊಳ್ಳಿ. ಒಳಗಿನ ಗಾಳಿ ಹೊರಗೆ ತಳ್ಳಿ. ತುದಿಯನ್ನು ರಬ್ಬರ್ ಬಿರಡೆಯಿಂದ ಮುಚ್ಚಿ, ಬೆರಳು ಇಡಬೇಡಿ. ಈಗ ಹಿಡಿಯನ್ನು ಜೋರಾಗಿ ಹಿಂದಕ್ಕೆ ಎಳೆಯಿರಿ. ಬೆಂಕಿ ಇಲ್ಲದೆ ನೀರು ಕೊತಕೊತ ಕುದಿಯುತ್ತದೆ! ಒತ್ತಡ ಇಳಿಯಿತು, ಅಣುಗಳಿಗೆ ಹೊರಬರಲು ದಾರಿ ಸಿಕ್ಕಿತು. ಮಡಿಕೇರಿಯ ಲೆಕ್ಕ ಮೇಲೆ ಹೇಳಿದೆನಲ್ಲ, ಅದೇ ಇಲ್ಲಿ ಕೈಯಲ್ಲಿ. ಹಿಡಿ ಬಿಟ್ಟರೆ ಆವಿ ಮತ್ತೆ ನೀರು. ಕೊನೆಗೆ ಒಂದು ಸಣ್ಣ ಗುಳ್ಳೆ ಉಳಿಯಬಹುದು. ಅದು ನೀರಿನಲ್ಲಿ ಕರಗಿದ್ದ ಗಾಳಿ.

ಶಿಕ್ಷಕಿ: ಸೋಮವಾರವೇ ಮಾಡುತ್ತೇನೆ ಸರ್. 5 ಮಿಲಿ ಸಿರಿಂಜ್ ಸಾಕಾ?

ಉತ್ತರ: 20 ಮಿಲಿಯದು ತನ್ನಿ ಮೇಡಂ. ಚಿಕ್ಕದು ಹಿಂದಿನ ಬೆಂಚಿಗೆ ಕಾಣುವುದಿಲ್ಲ.